ಅತ್ತೆಯ ಬೋರ್ಡು, ನನ್ನ ಸರ್ವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಎರಡು ಸಲ ಮೇಜು ಗುದ್ದುತ್ತೇನೆ, ಒಂದು ಸಲ ಹಿರಿಯರ ಮೇಲೆ ಹರಿಹಾಯುತ್ತೇನೆ. ಆಗ "ಇವಳೆಂಥ ಹೆಂಗಸು!" ಅನ್ನಬೇಡಿ. ಆ ಹತ್ತೊಂಬತ್ತು ದಿನ ನನ್ನ ಜಾಗದಲ್ಲಿ ನೀವಿದ್ದರೂ ಗುದ್ದುತ್ತಿದ್ದಿರಿ.

ಎರಡು ಸಾವಿರದ ಎರಡೋ ಮೂರೋ ಇಸವಿ. ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಎರಡೇ ಕೋಣೆ. ಒಳಗಿನ ಕೋಣೆಯಲ್ಲಿ ಗೋಡೆಗುಂಟ ಹನ್ನೆರಡು ಯಂತ್ರಗಳು. ಎಲ್ಲವೂ ಬೇರೆಲ್ಲೋ ದುಡಿದು ಸವೆದು ಕೊನೆಗೆ ನನ್ನ ಪಾಲಿಗೆ ಬಂದವು. ಹೊರಗಿನ ಕೋಣೆಯಲ್ಲಿ ಎಲ್ಲಕ್ಕಿಂತ ಹಳೆಯದಾದ ಹದಿಮೂರನೆಯ ಯಂತ್ರ, ಒಂದು ಮೇಜು, ಹಾಜರಿ ಪುಸ್ತಕ, ಮತ್ತು ನಮ್ಮ ಅತ್ತೆ. ಕೆಳಗಿನ ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮ ಜೊತೆಗೇ ಕೂಡುತ್ತಿತ್ತು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಕೂಡ್ಲಿಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಂಬರ್ ಒತ್ತಿದರೆ ತಾನೇ ಹೋಗುವ ಫೋನು ಬರುವುದಕ್ಕೆ ಮುಂಚೆ ಆ ಊರಿನ ಯಾರು ಯಾರ ಜೊತೆ ಮಾತಾಡಬೇಕಾದರೂ ಮೊದಲು ಅತ್ತೆಯ ದನಿ ಕೇಳಬೇಕಿತ್ತು. ಅವಳು ಬೋರ್ಡಿನಲ್ಲಿ ಇವರ ತಂತಿಯನ್ನು ಅವರ ತೂತಿಗೆ ಚುಚ್ಚಿ, "ಮಾತಾಡ್ರಿ, ಲೈನ್ ಐತಿ" ಅಂದ ಮೇಲೇ ಮಾತು. ಚಿಕ್ಕಂದಿನಲ್ಲಿ ಫೋನಿನಲ್ಲಿ ಆ ದನಿ ಕೇಳಿದರೆ ನನಗೆ ಅತ್ತೆ ಅನ್ನಿಸುತ್ತಿರಲಿಲ್ಲ, ಯಾರೋ ದೊಡ್ಡ ಅಧಿಕಾರಿ ಅನ್ನಿಸುತ್ತಿತ್ತು. ಆಮೇಲೆ ತಾನೇ ನಡೆಯುವ ಎಕ್ಸ್‌ಚೇಂಜು ಬಂತು, ಬೋರ್ಡನ್ನು ಕಿತ್ತು ಹಾಕಿದರು, ಅತ್ತೆಗೆ ಕಾಗದಪತ್ರದ ಕೆಲಸ ಕೊಟ್ಟರು. ಅದು ಒಗ್ಗಲಿಲ್ಲ. ನಿವೃತ್ತಿ ತೆಗೆದುಕೊಂಡು ನಮ್ಮ ಮನೆಗೆ ಬಂದಳು, ನನ್ನ ಸೆಂಟರಿನ ಬಾಗಿಲಲ್ಲಿ ಹಾಜರಿ ಹಾಕುತ್ತ ಕೂತಳು. ಕಂಪ್ಯೂಟರುಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

"ನನ್ನ ಕುರ್ಚಿ ತಿಂದದ್ದು ಇವುಗಳ ಅಣ್ಣತಮ್ಮನೇ," ಅನ್ನುತ್ತಿದ್ದಳು.

ಹೀಗಿರುವಾಗ ಏಪ್ರಿಲ್ ತಿಂಗಳಲ್ಲಿ ಪರೀಕ್ಷಾ ಮಂಡಳಿಯಿಂದ ಒಂದು ಕಾಗದ ಬಂತು. ಈ ಸಲದಿಂದ ಪರೀಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆಸಬೇಕು. ಪ್ರಶ್ನೆಪತ್ರಿಕೆ ಒಂದೇ ಯಂತ್ರದಲ್ಲಿರಬೇಕು, ಉಳಿದ ಯಂತ್ರಗಳು ಅದನ್ನು ಕೇಳಿ ಪಡೆಯಬೇಕು, ಉತ್ತರಗಳೂ ಅಲ್ಲಿಗೇ ಬಂದು ಸೇರಬೇಕು. ಅಷ್ಟು ಅನುಕೂಲ ಇಲ್ಲದ ಸೆಂಟರಿನವರು ತಮ್ಮ ಅಭ್ಯರ್ಥಿಗಳನ್ನು ಬೆಳಿಗ್ಗೆ ಎಂಟಕ್ಕೆ ಬಳ್ಳಾರಿಗೆ ಕಳಿಸಿಕೊಡತಕ್ಕದ್ದು. ಇದನ್ನು ನಾನು ಕ್ಲಾಸಿನಲ್ಲಿ ಓದಿ ಹೇಳಿದೆ.

ನನ್ನ ಹನ್ನೊಂದು ವಿದ್ಯಾರ್ಥಿಗಳಲ್ಲಿ ಒಬ್ಬಳು ಹಿರೇಹಡಗಲಿಯಿಂದ ಬರುತ್ತಿದ್ದ ಬಾಣಂತಿ. ಬಾಣಂತಿ ಅಂದರೆ ಕೂಸಿಗೆ ಆಗಲೇ ಏಳು ತಿಂಗಳು, ಆದರೆ ಅತ್ತೆ ಆಕೆಯನ್ನು ಹಾಗೇ ಕರೆಯುತ್ತಿದ್ದಳು. ದಿನಾ ಬಸ್ಸಿನಲ್ಲಿ ಕೂಸನ್ನು ಕಟ್ಟಿಕೊಂಡು ಬಂದು ಅತ್ತೆಯ ಮಡಿಲಿಗೆ ಹಾಕಿ ಒಳಗೆ ಹೋಗುವಳು. ಅವರೂರಿನ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಆಕೆಗಾಗಿ ಜೂನಿನ ತನಕ ಕಾದಿತ್ತು. ಬೇಕಾದದ್ದು ಈ ಒಂದು ಸರ್ಟಿಫಿಕೇಟು. ನಾನು ಕಾಗದ ಓದಿ ಮುಗಿಸಿದಾಗ ಆಕೆ ನಕ್ಕಳು. ಅಳುವ ಬದಲು ನಗುವವರಿರುತ್ತಾರಲ್ಲ, ಹಾಗೆ.

"ಹಂಗಾರ ನಂದು ಇಲ್ಲಿಗೆ ಮುಗೀತು ಬಿಡ್ರಿ ಅಕ್ಕೋರ. ಬೆಳಗ್ಗೆ ಎಂಟಕ್ಕ ಅಂದ್ರ ಹಿಂದಿನ ದಿನನ ಹೋಗಿ ಅಲ್ಲಿರಬೇಕು. ಕೂಸು ಬಿಟ್ಟು ಇರಾಂಗಿಲ್ಲ, ಕಟ್ಗೊಂಡು ಯಾರ ಮನ್ಯಾಗಂತ ಇರಲಿ?"

"ಯಾರು ಹೇಳಿದ್ದು ಮುಗೀತಂತ?" ನನಗೆ ರೇಗಿಹೋಯಿತು. "ಪರೀಕ್ಷಿ ಇಲ್ಲೇ ನಡೀತೈತಿ. ನಾ ನಡಸ್ತೀನಿ!"

ಆಡಿದ ಮಾತು ಆಡಿಯಾಗಿತ್ತು, ಪರೀಕ್ಷೆಗೆ ಹತ್ತೊಂಬತ್ತು ದಿನ ಇತ್ತು.

ನನಗೆ ಬೇಕಾದದ್ದು ಒಂದು ವೆಬ್ ಸರ್ವರು. ಹೆಸರು ಕೇಳಿ ಹೆದರಬೇಡಿ. ಅದು ಬಾಗಿಲಲ್ಲಿ ಕೂತಿರುವ ಒಂದು ಪ್ರೋಗ್ರಾಮು, ಅಷ್ಟೇ. ಯಾರಾದರೂ ಬಂದು "ಆ ಹಾಳೆ ಕೊಡಿ" ಅಂದರೆ ಹುಡುಕಿ ಕೊಡುವುದು, "ಇದು ನನ್ನ ಉತ್ತರ" ಅಂದರೆ ಇಸಿದುಕೊಂಡು ಜೋಪಾನ ಮಾಡುವುದು. ಸಿದ್ಧ ಸರ್ವರ್ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಒಂದಿತ್ತು, ಹಾಕಿಯೂ ನೋಡಿದೆ. ಅದು ದೊಡ್ಡಮನೆಯ ಸರ್ವರು. ಬಾಗಿಲಿಗೆ ಬಂದ ಒಬ್ಬೊಬ್ಬರಿಗೂ ಒಬ್ಬೊಬ್ಬ ಆಳನ್ನು ಎಬ್ಬಿಸಿ ಕಳಿಸುತ್ತಿತ್ತು. ನನ್ನ ಹದಿಮೂರನೆಯ ಮುದಿ ಯಂತ್ರದಲ್ಲಿ ಅಷ್ಟು ಆಳುಗಳಿಗೆ ಕೂರಲು ಜಾಗವೆಲ್ಲಿ? ಆರನೆಯವನು ಏಳುವಷ್ಟರಲ್ಲಿ ಒಳಗಿನ ಡಿಸ್ಕು ಜೋಳ ಬೀಸಿದ ಹಾಗೆ ಗರಗರ ಅಂದು ನಿಂತೇ ಹೋಯಿತು. ಒಳ್ಳೆಯ ಯಂತ್ರವನ್ನು ಇಲ್ಲಿಗೆ ತಂದಿಟ್ಟರೆ ಒಳಗೆ ಒಂದು ಕೆಟ್ಟರೆ ಬದಲಿಗೆ ಇನ್ನೊಂದು ಇರುತ್ತಿರಲಿಲ್ಲ. ಸರಿ, ಒಬ್ಬನೇ ಆಳಿನಿಂದ ಎಲ್ಲರ ಕೆಲಸ ಮಾಡಿಸುವ ಸಣ್ಣ ಸರ್ವರನ್ನು ನಾನೇ ಬರೆಯುತ್ತೇನೆ ಅಂತ ಸೆರಗು ಸಿಕ್ಕಿಸಿ ಕೂತೆ. ನನ್ನ ಹತ್ತಿರ ಇದ್ದದ್ದು ಒಂದು ಜೆರಾಕ್ಸ್ ಮಾಡಿಸಿದ ದಪ್ಪ ಪುಸ್ತಕ. ನಡುವೆ ಎಷ್ಟೋ ಪುಟ ಮಾಸಲು.

ನಾಲ್ಕು ದಿನದಲ್ಲಿ ಬರೆದೆ. ಎಷ್ಟು ಚಂದ ಇತ್ತು ಗೊತ್ತೇ! ಒಂದು ಯಂತ್ರದಿಂದ ಕೇಳಿದೆ, ಹಾಳೆ ಬಂತು. ಎರಡರಿಂದ ಕೇಳಿದೆ, ಬಂತು. ಐದನೆಯ ದಿನ ಹನ್ನೊಂದು ಜನರನ್ನೂ ಕೂರಿಸಿ "ಒತ್ರಿ" ಅಂದೆ. ನಾಲ್ಕು ಜನರಿಗೆ ಹಾಳೆ ಬಂತು, ಉಳಿದವರ ಪರದೆ ಬೆಳ್ಳಗೆ ಹಾಗೇ ನಿಂತಿತು. ಒಂದು ನಿಮಿಷ. ಎರಡು ನಿಮಿಷ. ನಾನು ಮೇಜು ಗುದ್ದಿದ್ದು ಆಗ, ಮೊದಲನೇ ಸಲ. ಅತ್ತೆಯ ಮಡಿಲಲ್ಲಿದ್ದ ಕೂಸು ಬೆಚ್ಚಿ ಬಾಯಿ ತೆಗೆಯಿತು.

"ಏನಾತಲೇ?" ಅತ್ತೆ ಕೂಸನ್ನು ತಟ್ಟುತ್ತ ಕೇಳಿದಳು.

"ಐದನೇ ನಂಬರಿನ ಕೇಬಲ್ ಸಡ್ಲ ಐತಿ ಅತ್ತಿ. ಅರ್ಧ ಮಾತಾಡಿ ಸುಮ್ಮನಾಗೈತಿ. ಅದು ಪೂರಾ ಮಾತಾಡೋ ತನಕ ಸರ್ವರು ಕಾಯ್ತೈತಿ."

"ಉಳಿದೋರು?"

"ಅವರೂ ಕಾಯ್ತಾರ."

"ಆಹಾ, ಏನ್ ಮರ್ಯಾದಿ ನಿನ್ನ ಸರ್ವರಿಂದು! ಹಿಂಗ ನಾ ಒಬ್ಬನ ಬಾಯಿ ನೋಡ್ಕೋತ ಕುಂತಿದ್ರ ಕೂಡ್ಲಿಗಿ ಮಂದಿ ನನ್ನ ಕಲ್ಲು ತಗೊಂಡು ಹೊಡೀತಿದ್ರು."

"ನಿನ್ನ ಕಾಲದ್ದು ಬ್ಯಾರೆ, ಇದು ಬ್ಯಾರೆ! ತಿಳೀಲಾರದ್ದರಾಗ ಬಾಯಿ ಹಾಕಬ್ಯಾಡ," ಅಂದೆ ನಾನು. ಅತ್ತೆ ಹಾಜರಿ ಪುಸ್ತಕ ಮುಚ್ಚಿ, ಕೂಸಿನ ಮೂಗು ಒರೆಸಿ, ಕಿಟಕಿಯ ಕಡೆ ತಿರುಗಿ ಕೂತಳು. ಆ ಮಾತು ಆಡಬಾರದಿತ್ತು. ಅದು ಆಡಿದ ಮರುಕ್ಷಣವೇ ನನಗೆ ಗೊತ್ತಾಯಿತು, ಆದರೆ ಸಿಟ್ಟಿನವರಿಗೆ ತಪ್ಪಾಯಿತು ಅನ್ನುವುದಕ್ಕೆ ಬಾಯಿ ಬರುವುದು ತಡ.

ಮಾತು ಮಾತ್ರ ತಲೆಯಲ್ಲಿ ಕೂತಿತು. ಒಬ್ಬನ ಬಾಯಿ ನೋಡಿಕೊಂಡು ಕೂರಬಾರದು. ಹಾಗಾದರೆ ಸರ್ವರು ಕಾಯಬಾರದು, ಓಡಾಡಬೇಕು! ಒಂದನೆಯವರ ಹತ್ತಿರ ಹೋಗಿ "ಏನಾದರೂ ಇದೆಯಾ?" ಅನ್ನುವುದು. ಇದ್ದರೆ ಇಸಿದುಕೊಳ್ಳುವುದು, ಇಲ್ಲದಿದ್ದರೆ ನಿಲ್ಲದೆ ಎರಡನೆಯವರ ಹತ್ತಿರ ಹೋಗುವುದು. ಹನ್ನೊಂದನೆಯವರಾದ ಮೇಲೆ ಮತ್ತೆ ಒಂದನೆಯವರು. ಮೂರು ದಿನ ಕೂತು ಹಾಗೇ ತಿದ್ದಿದೆ. ಐದನೇ ನಂಬರಿನ ಕೇಬಲನ್ನು ಬೇಕೆಂದೇ ಅರ್ಧ ಎಳೆದಿಟ್ಟು "ಒತ್ರಿ" ಅಂದೆ. ಹತ್ತೂ ಪರದೆಗಳಲ್ಲಿ ಹಾಳೆ! ಐದನೆಯದು ಮಾತ್ರ ಬೆಳ್ಳಗೆ, ಅದು ಬೆಳ್ಳಗೇ ಇರಬೇಕಿತ್ತು! ಬಾಣಂತಿ ಒಳಗಿಂದ "ಬಂತ್ರಿ ಅಕ್ಕೋರ, ಬಂತು!" ಅಂತ ಕೂಗಿದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಭ್ರಮ ಹತ್ತು ನಿಮಿಷ ಇತ್ತು. ಆಮೇಲೆ ಹದಿಮೂರನೆಯ ಯಂತ್ರದ ಫ್ಯಾನು ಅರಚತೊಡಗಿತು. ಏಪ್ರಿಲ್ ಮಧ್ಯಾಹ್ನ, ಮೇಲೆ ತಗಡಿನ ಸೂರು. ಯಂತ್ರದ ಮೈ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಉತ್ತರ ಬರೆದಿಡುವ ಕೆಲಸ ತೆವಳಿತು, ನಿಂತಿತು, ಯಂತ್ರವೂ ನಿಂತಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಅತ್ತೆಗೆ ಸುಮ್ಮನಿರಲಾಗಲಿಲ್ಲ.

"ಅಷ್ಟ್ ಅವಸರದಾಗ ಏನ್ ಮಾಡಾಕತ್ತಿತ್ತು ಅದು?"

"ಎಲ್ಲಾರನೂ ಕೇಳ್ಕೋತ ತಿರುಗ್ತಿತ್ತು. ಏನರ ಬೇಕೇನು, ಏನರ ಬೇಕೇನು ಅಂತ."

"ಮಿನಿಟಿಗೆ ಎಷ್ಟ್ ಸಲ?"

"ಲೆಕ್ಕಿಲ್ಲ. ಸಾವಿರಾರು ಸಲ."

ಅತ್ತೆ ನಗತೊಡಗಿದಳು. ನಕ್ಕಳು, ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಕೂಸಿಗೂ ನಗು ಬಂತು.

"ಲೇ ಹುಚ್ಚಿ! ಊರ ಮಂದೀಗೆಲ್ಲ ನಾನೇ ಫೋನ್ ಮಾಡಿ, ಏನ್ರಿ ಮಾತಾಡೋದೈತೇನು ಅಂತ ಕೇಳ್ಕೋತ ಕುಂತಿದ್ದೆ ಅಂದ್ಕೊಂಡ್ಯಾ? ನನ್ನ ಬೋರ್ಡಿನಾಗ ನೂರು ತೂತು. ತೂತಿಗೊಂದು ತಗಡಿನ ಬಿಲ್ಲಿ. ಯಾರರ ಮನ್ಯಾಗ ಫೋನಿನ ಹಿಡಿಕಿ ತಿರುವಿದ್ರ ಅವರ ಬಿಲ್ಲಿ ಟಪ್ಪಂತ ಬೀಳ್ತಿತ್ತು. ಬಿದ್ದಾಗ ಎತ್ತತಿದ್ದೆ. ಬೀಳೋ ತನಕ ಹಡಗಲಿ ಮಲ್ಲಿಗಿ ತರಿಸ್ಕೊಂಡು ಮಾಲಿ ಕಟ್ಟತಿದ್ದೆ. ಒಬ್ಬಾಕೇನ ಇದ್ದೆ, ನೂರು ಮನಿ. ಒಂದು ದಿನಾನೂ ಹೈರಾಣ ಆಗಿಲ್ಲ."

ಬಿದ್ದಾಗ ಎತ್ತುವುದು. ನಾನು ಎದ್ದು ನಿಂತೆ. ಆ ಜೆರಾಕ್ಸ್ ಪುಸ್ತಕದಲ್ಲಿ ಮಾಸಲಾಗಿದೆ ಅಂತ ಓದದೆ ಬಿಟ್ಟಿದ್ದ ಒಂದು ಅಧ್ಯಾಯ ಇತ್ತು. ಅದರ ತಲೆಯ ಮೇಲೆ 'ಸೆಲೆಕ್ಟ್' ಅಂತ ಇದ್ದದ್ದು ನೆನಪಾಯಿತು. ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದೆ. ಅಯ್ಯೋ ಶಿವನೇ, ಅದು ಅತ್ತೆಯ ಬೋರ್ಡೇ! ಪ್ರೋಗ್ರಾಮು ಯಂತ್ರಕ್ಕೆ ಹೇಳುತ್ತದೆ: ಇಗೋ, ಇವು ನನ್ನ ಹನ್ನೊಂದು ಬಾಗಿಲು. ನಾನು ಮಲಗುತ್ತೇನೆ. ಯಾವ ಬಾಗಿಲು ಸದ್ದಾದರೂ ನನ್ನನ್ನು ಎಬ್ಬಿಸಿ, ಯಾವುದು ಅಂತ ಹೇಳು. ಎದ್ದು, ಆ ಬಾಗಿಲಿನ ಕೆಲಸವನ್ನಷ್ಟೇ ಮಾಡಿ, ಮತ್ತೆ ಮಲಗುವುದು. ಒಬ್ಬನೇ ಆಳು, ಒಂದೇ ಎಳೆ, ಆದರೂ ಯಾರಿಗೂ ಕಾಯುವ ಪಾಡಿಲ್ಲ. ನಾನು ಅತ್ತೆಯನ್ನು ಕೂಸಿನ ಸಮೇತ ತಬ್ಬಿಕೊಂಡೆ.

"ತಪ್ಪಾತು ಅತ್ತಿ, ಅವತ್ತು ಹಂಗಂದದ್ದು."

"ಬಿಡು, ಬಿಡು. ಉಸಿರು ಕಟ್ತೈತಿ ಕೂಸಿಗೆ," ಅಂದಳು. ಆದರೆ ಮುಖ ಅರಳಿತ್ತು.

ಮರುದಿನ ಮಧ್ಯಾಹ್ನಕ್ಕೆ ಹೊಸ ಸರ್ವರು ಎದ್ದಿತು. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಹನ್ನೊಂದು ಜನ ಒತ್ತಿದರು, ಹನ್ನೊಂದು ಹಾಳೆ ಹೋದವು, ಮತ್ತೆ ಯಂತ್ರ ಸುಮ್ಮನೆ ಕೂತಿತು. ಏನೂ ಮಾಡುತ್ತಿರಲಿಲ್ಲ! ಏನೂ ಮಾಡದೆ ಕೂತ ಯಂತ್ರವನ್ನು ನೋಡಿ ಯಾರಾದರೂ ಕುಣಿಯುತ್ತಾರೆಯೇ? ನಾನು ಕುಣಿದೆ. ಕೆಳಗಿನ ಗೊಬ್ಬರದಂಗಡಿಯವರು "ಏನ್ರಿ, ಮ್ಯಾಲೆ ಎತ್ತು ಕಟ್ಟೀರೇನು, ಮಣ್ಣುದುರಾಕತ್ತೈತಿ!" ಅಂತ ಕೂಗಿದರು. ಅವರಿಗೂ ಸೇರಿಸಿ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ತರಿಸಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಂಡೆ, ಆದರೆ ಅದು ಖಾರಕ್ಕಲ್ಲ.

ಅತ್ತೆ ಮಿರ್ಚಿ ತಿನ್ನುತ್ತ ಪರದೆಯನ್ನೇ ನೋಡುತ್ತಿದ್ದಳು. "ಬಿಲ್ಲಿ ಎಲ್ಲೈತಿ? ಬೀಳೋದು ಕಾಣೋದು ಬ್ಯಾಡೇನು?" ಅಂದಳು. ಸರಿಯಾದ ಮಾತೇ! ಪರದೆಯ ಮೇಲೆ ಹನ್ನೊಂದು ಚೌಕ ಬರೆದೆ. ಏಳನೇ ನಂಬರಿನವರು ಏನಾದರೂ ಕಳಿಸಿದರೆ ಏಳನೇ ಚೌಕದಲ್ಲಿ ಒಂದು ಚುಕ್ಕೆ ಬೀಳುವುದು, ಕೆಲಸವಾದ ಮೇಲೆ ಅಳಿಸುವುದು. ಅವತ್ತಿನಿಂದ ಅತ್ತೆ ಕಿಟಕಿಯ ಕಡೆ ತಿರುಗಿ ಕೂರುವುದನ್ನು ಬಿಟ್ಟಳು. ಮಡಿಲಲ್ಲಿ ಕೂಸು, ಎದುರಿಗೆ ಬೋರ್ಡು. ಯಾರ ಚುಕ್ಕೆ ಎಷ್ಟು ಹೊತ್ತಿಗೊಮ್ಮೆ ಬೀಳುತ್ತದೆ ಅನ್ನುವುದು ಎರಡೇ ದಿನದಲ್ಲಿ ಅವಳಿಗೆ ಬಾಯಿಪಾಠವಾಯಿತು. "ನಾಲ್ಕನೇದಂವ ಅವಸರಗೇಡಿ," ಅನ್ನುವಳು. "ಏಳನೇದಾಕಿ, ನಮ್ಮ ಬಾಣಂತಿ, ಬರೋಬ್ಬರಿ ಎರಡು ಮಿನಿಟಿಗೊಂದು."

ಇನ್ನೇನು ಗೆದ್ದೆ ಅಂದುಕೊಂಡೆನಲ್ಲ, ಪರೀಕ್ಷೆಗೆ ಆರು ದಿನ ಇರುವಾಗ ನಾಲ್ಕನೇ ನಂಬರಿನ ಹುಡುಗ ಕೂಗಿದ: "ಅಕ್ಕೋರ, ನಾ ಬರೀಲಾರದ ಉತ್ತರ ನನ್ನ ಹಾಳ್ಯಾಗ ಬಂದಾವ್ರಿ!" ಹೋಗಿ ನೋಡಿದರೆ ಅವನ ಹಾಳೆಯ ಮೇಲರ್ಧ ಅವನದು, ಕೆಳಗರ್ಧ ಬಾಣಂತಿಯದು. ಮೇಜು ಗುದ್ದಿದೆ, ಎರಡನೇ ಸಲ. ತಪ್ಪು ನನ್ನದೇ. ಹಾಳೆ ಒಂದೇ ಏಟಿಗೆ ಹೋಗುವುದಿಲ್ಲ. ಅರ್ಧ ಹೋದ ಮೇಲೆ ತಂತಿ "ಸಾಕು, ತಡಿ" ಅನ್ನುತ್ತದೆ. ಸರ್ವರು ಅಷ್ಟರಲ್ಲಿ ಇನ್ನೊಬ್ಬರ ಕಡೆ ತಿರುಗುತ್ತದೆ. ಮತ್ತೆ ಇವರ ಕಡೆ ಬಂದಾಗ ಎಲ್ಲಿಗೆ ಬಿಟ್ಟಿದ್ದೆ ಅನ್ನುವುದು ಅದಕ್ಕೆ ನೆನಪಿರಬೇಕಲ್ಲ? ನಾನು ಎಲ್ಲರ ನೆನಪನ್ನೂ ಒಂದೇ ಕಡೆ ಗುಡ್ಡೆ ಹಾಕಿದ್ದೆ.

"ಚೀಟಿ ಇಟ್ಟಿಲ್ಲೇನು?" ಅಂದಳು ಅತ್ತೆ, ಉಪ್ಪು ಹಾಕಿಲ್ಲವೇನು ಅನ್ನುವಷ್ಟು ಸಲೀಸಾಗಿ.

ಪರಊರಿನ ಕರೆಗಳಿಗೆ ಅವಳು ಒಬ್ಬರಿಗೊಂದು ಚೀಟಿ ಬರೆಯುತ್ತಿದ್ದಳಂತೆ. ಯಾರು, ಯಾರನ್ನು ಕೇಳಿದ್ದಾರೆ, ಎಲ್ಲಿಯ ತನಕ ಬಂದಿದೆ. ಇವರು ಹರಪನಹಳ್ಳಿ ಕೇಳಿದ್ದಾರೆ, ಅಲ್ಲಿ ಸಿಕ್ಕಿಲ್ಲ. ಅವರು ಕೊಟ್ಟೂರು ಕೇಳಿದ್ದಾರೆ, ಸಿಕ್ಕಿದೆ, ಕರೆಯಲು ಹೋಗಿದ್ದಾರೆ.

"ಕೆಲಸಕ್ಕ ಸೇರಿದ ಮೊದಲನೇ ವಾರ ನಾನೂ ನಿನ್ನಂಗ ದಿಮಾಕು ಮಾಡಿ ಎಲ್ಲಾ ತಲ್ಯಾಗ ಇಟ್ಗೊಂಡಿದ್ದೆ. ಕನ್ಯಾ ಕೇಳೋರ ಲೈನನ್ನ ದನದ ಡಾಕ್ಟ್ರಿಗೆ ಜೋಡಿಸಿಬಿಟ್ಟೆ. ಇವರು, ಹೆಂಗದಾಳ್ರಿ ಅಂತ ಕೇಳ್ಯಾರ. ಡಾಕ್ಟ್ರು, ಈಗ ಪಾಡದಾಳ, ಒಂದು ವಾರ ಹಸಿ ಮೇವು ಹಾಕಬ್ಯಾಡ್ರಿ ಅಂದಾರ!"

ಒಳಗಿನ ಕೋಣೆಯಿಂದಲೂ ನಗು ಕೇಳಿಸಿತು. ನಗು ನಿಂತ ಮೇಲೆ ಅತ್ತೆ ಒಂದು ಮಾತು ಸೇರಿಸಿದಳು. "ಇನ್ನೊಂದು. ಚೀಟಿ ಮನಿಷಾರದ್ದು, ತಂತೀದಲ್ಲ. ತಂತಿ ಕೆಟ್ರ ಬ್ಯಾರೆ ತಂತಿ ಚುಚ್ಚಿ ಕೊಡತಿದ್ದೆ. ಚೀಟಿ ಮಾತ್ರ ಅದನ."

ಅದನ್ನು ನಾನು ಅಕ್ಷರಶಃ ಬರೆದೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದು ಚೀಟಿ, ಅದರಲ್ಲಿ ಈತನಕ ಬಂದ ಉತ್ತರಗಳು, ಎಲ್ಲಿಗೆ ನಿಂತಿದೆ ಅನ್ನುವ ಗುರುತು. ಚೀಟಿಯ ಮೇಲೆ ಬರೆಯುವುದು ಅವರ ಪರೀಕ್ಷಾ ನಂಬರನ್ನು, ಯಂತ್ರದ ನಂಬರನ್ನಲ್ಲ. ಪರದೆಯ ಚೌಕಗಳನ್ನೂ ಅದೇ ನಂಬರಿಗೆ ಬದಲಿಸಿದೆ. ಪರೀಕ್ಷೆಯ ಹಿಂದಿನ ದಿನ ಹನ್ನೊಂದು ಜನ ಒಂದೂವರೆ ತಾಸು ಸುಳ್ಳು ಪರೀಕ್ಷೆ ಬರೆದರು. ಒಬ್ಬರದು ಒಬ್ಬರಿಗೆ ಹೋಗಲಿಲ್ಲ, ಯಾರೂ ಯಾರಿಗೂ ಕಾಯಲಿಲ್ಲ. ಬಾಣಂತಿ ಕೂಸನ್ನು ಎತ್ತಿಕೊಂಡು ಬಸ್ಸಿಗೆ ಹೊರಟಾಗ, "ನೋಡ್ರಿ ಅಕ್ಕೋರ, ನೀವು ಅಂದಂಗ ನಡಿಸಿದ್ರಿ," ಅಂದಳು. ನಾನು ಹೆಮ್ಮೆಯಿಂದ ಬಸ್ಸಿನ ತನಕ ಜೊತೆಗೆ ಹೋದೆ.

ಪರೀಕ್ಷೆಯ ದಿನ ಬಳ್ಳಾರಿಯಿಂದ ಪರೀಕ್ಷಕರು ಬಂದರು. ಬಿಗಿ ಮುಖ, ಕರ್ಚೀಫಿನಲ್ಲಿ ಸುತ್ತಿದ ಫ್ಲಾಪಿ. ಅದನ್ನು ನನ್ನ ಕೈಗೆ ಕೊಡದೆ ತಾವೇ ಹದಿಮೂರನೆಯ ಯಂತ್ರಕ್ಕೆ ಹಾಕಿದರು. ಒಳಗಿನ ಕೋಣೆಯಲ್ಲಿ ಹನ್ನೊಂದು ಜನ ಕೂತರು; ಹನ್ನೆರಡನೆಯ ಯಂತ್ರ ಖಾಲಿ. ಸೆಂಟರಿನವರು ಒಳಗೆ ಬರುವಂತಿಲ್ಲ, ಮಾತಾಡುವಂತಿಲ್ಲ ಅಂದು ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ನಾನು, ಅತ್ತೆ, ಅತ್ತೆಯ ಮಡಿಲಲ್ಲಿ ಕೂಸು. ಒಳಗಿನ ಯಾರೂ ನಮಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಪರದೆಯ ಮೇಲಿನ ಹನ್ನೊಂದು ಚೌಕ.

"ಶುರು ಮಾಡಿ," ಅಂದದ್ದು ಕೇಳಿಸಿತು. ಹನ್ನೊಂದೂ ಚುಕ್ಕೆ ಒಟ್ಟಿಗೆ ಬಿದ್ದವು! ಒಂದೊಂದಾಗಿ, ಟಕ ಟಕ ಟಕ, ಎಲ್ಲ ಅಳಿಸಿದವು. ಎಲ್ಲರಿಗೂ ಹಾಳೆ ಮುಟ್ಟಿತ್ತು. ನಾನು ಅತ್ತೆಯ ಭುಜ ಹಿಡಿದು ಗಟ್ಟಿಯಾಗಿ ಅದುಮಿದೆ. ಐವತ್ತು ಪ್ರಶ್ನೆ, ಒಂದೂವರೆ ತಾಸು. ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದವು, ಅಳಿಸುತ್ತಿದ್ದವು. ಸರ್ವರು ಏಳುತ್ತಿತ್ತು, ಕೆಲಸ ಮಾಡುತ್ತಿತ್ತು, ಮಲಗುತ್ತಿತ್ತು. ಅರ್ಧ ತಾಸಾಯಿತು, ಒಂದು ತಾಸಾಯಿತು. ನಾನು ಕುರ್ಚಿಗೆ ಒರಗಿ ಕಾಲು ಚಾಚಿದೆ. ಇಷ್ಟು ಸುಖವಾಗಿ ನಾನು ಯಾವತ್ತೂ ಕೂತಿರಲಿಲ್ಲ.

"ಏಳನೇದು ಯಾಕ ಬೀಳವಲ್ದು?" ಅಂದಳು ಅತ್ತೆ, ಮೆಲ್ಲಗೆ.

"ಯೋಚ್ನಿ ಮಾಡಾಕತ್ತಾಳ. ಕಷ್ಟದ ಪ್ರಶ್ನಿ ಇರಬೇಕು."

"ಎರಡು ಮಿನಿಟಿಗೊಂದು ಬೀಳಸೋ ಹೆಣಮಗಳು. ಹನ್ನೆರಡು ಮಿನಿಟಾತು."

"ಅತ್ತಿ, ಏನರ ಕೆಟ್ಟಿದ್ರ ಉಳಿದೋರದೂ ನಿಲ್ತಿತ್ತು," ಅಂದೆ. ಅಂದ ಕೂಡಲೇ ಚಾಚಿದ ಕಾಲು ಎಳೆದುಕೊಂಡು ನೆಟ್ಟಗೆ ಕೂತೆ. ಉಳಿದವರದು ನಿಲ್ಲುವುದಿಲ್ಲ! ಹತ್ತೊಂಬತ್ತು ದಿನ ಕೂತು ನಾನು ಅದಕ್ಕೆ ಕಲಿಸಿದ್ದೇ ಇದನ್ನು. ಒಬ್ಬರು ಸುಮ್ಮನಾದರೆ ಅವರಿಗಾಗಿ ನಿಲ್ಲಬೇಡ, ಮುಂದೆ ಹೋಗು. ಅದು ಹೋಗುತ್ತಿತ್ತು. ನಾಲ್ಕರ ಚುಕ್ಕೆ ಬಿತ್ತು, ಒಂಬತ್ತರದು ಬಿತ್ತು, ಎರಡರದು ಬಿತ್ತು. ಏಳನೇ ಚೌಕ ಖಾಲಿ ಇತ್ತು.

"ದಿನಾ ಬೀಳೋ ಬಿಲ್ಲಿ ಬೀಳಲಿಲ್ಲ ಅಂದ್ರ ನಾ ಲೈನ್‌ಮನ್ನನ್ನ ಮನೀಗೆ ಕಳಿಸ್ತಿದ್ದೆ," ಅಂದಳು ಅತ್ತೆ. ಕೂಸನ್ನು ನನ್ನ ಕೈಗೆ ಕೊಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು ಹೋಗಿ ಒಳಬಾಗಿಲು ತಟ್ಟಿದಳು. ಪರೀಕ್ಷಕರು ಬಾಗಿಲು ತೆಗೆದವರೇ, "ಬರಬಾರದು ಅಂತ ಹೇಳಿದ್ದೆನಲ್ಲ," ಅಂದರು.

"ನಾ ಬರಾಂಗಿಲ್ಲ ಸಾಹೇಬ್ರ. ಏಳನೇ ನಂಬರಿನ ಲೈನ್ ಕಟ್ಟಾಗೈತಿ. ನೀವೇ ನೋಡ್ರಿ."

ದನಿಯಲ್ಲಿ ಏನಿತ್ತೋ, ಅವರು ತಿರುಗಿ ಏಳನೆಯ ಯಂತ್ರದತ್ತ ನಡೆದರು. ತೆರೆದ ಬಾಗಿಲಿನಿಂದ ನನಗೆ ಕಂಡಿತು. ಬಾಣಂತಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಪರೀಕ್ಷಕರು ಕೀಬೋರ್ಡು ಒತ್ತಿದರು, ಮೌಸ್ ಎಳೆದರು. ಯಂತ್ರ ಅಲುಗಲಿಲ್ಲ.

"ಯಾಕಮ್ಮ, ಇಷ್ಟು ಹೊತ್ತು ಹೇಳಲಿಲ್ಲ?"

ಆಕೆ ನನ್ನ ಕಡೆ ನೋಡಿದಳು, ತಲೆ ತಗ್ಗಿಸಿದಳು. "ಮಿಷನ್ ಕೆಟ್ಟೈತಿ ಅಂದ್ರ ಅಕ್ಕೋರ ಸೆಂಟರಿಗೆ ಕೆಟ್ಟ ಹೆಸರು ಬರ್ತೈತಿ ಅಂತ… ಉಳಿದವರದ್ದರ ಸುಸೂತ್ರ ಆಗ್ಲಿ ಅಂತ ಸುಮ್ಮನ ಕುಂತೆ ಸಾರ್."

ನನಗೆ ಎಂಥ ಸಿಟ್ಟು ಬಂತು, ಆಕೆಯ ಮೇಲಲ್ಲ, ನನ್ನ ಮೇಲೆ. ಯಾರಿಗಾಗಿ ಇದನ್ನೆಲ್ಲ ಮಾಡಿದೆನೋ ಆಕೆ ಹನ್ನೆರಡು ನಿಮಿಷ ನನ್ನ ಮಾನ ಕಾಯುತ್ತ ಕೂತಿದ್ದಳು, ನಾನು ಹೊರಗೆ ಕಾಲು ಚಾಚಿ ಕೂತಿದ್ದೆ.

ಪರೀಕ್ಷಕರು ಗಡಿಯಾರ ನೋಡಿದರು. "ಬೇರೆ ಯಂತ್ರ ಇದೆ ಸರಿ. ಆದರೆ ಮೊದಲಿನಿಂದ ಬರೆಯಬೇಕಾಗುತ್ತದೆ. ಹೊತ್ತು ಸಾಲುವುದಿಲ್ಲ."

"ಬ್ಯಾಡ್ರಿ!" ಮಾತಾಡಬಾರದು ಅನ್ನುವುದು ಮರೆತು ನಾನು ಬಾಗಿಲಿನಿಂದಲೇ ಕೂಗಿದೆ. "ಹನ್ನೆರಡನೇದರಾಗ ಕುಂತು ನಂಬರ್ ಹಾಕಿದ್ರ ಸಾಕ್ರಿ. ಚೀಟಿ ಐತಿ!"

ಅವರಿಗೆ ಯಾವ ಚೀಟಿ ಅಂತ ತಿಳಿಯಲಿಲ್ಲ, ಆದರೂ ಕೈ ತೋರಿಸಿದರು. ಬಾಣಂತಿ ಎದ್ದು ಹೋಗಿ ಹನ್ನೆರಡನೆಯ ಯಂತ್ರದ ಮುಂದೆ ಕೂತಳು. ತನ್ನ ಪರೀಕ್ಷಾ ನಂಬರು ಏಳನ್ನು ಒತ್ತಿದಳು. ಹಾಳೆ ಬಂತು. ಬರೆದಿದ್ದ ಇಪ್ಪತ್ತಮೂರು ಉತ್ತರವೂ ಬರೆದ ಹಾಗೇ ಇದ್ದವು, ಇಪ್ಪತ್ತನಾಲ್ಕನೆಯದು ಕಾದು ನಿಂತಿತ್ತು. ಕಳೆದ ಹನ್ನೆರಡು ನಿಮಿಷವನ್ನು ಸೇರಿಸಿ ಕೊಡುತ್ತೇನೆ ಅಂದರು ಪರೀಕ್ಷಕರು.

ಆಕೆ ಪಾಸಾದದ್ದು, ಜೂನಿನಲ್ಲಿ ಶಾಲೆಗೆ ಸೇರಿದ್ದು, ನಾನು ಮರುದಿನವೇ ಸರ್ವರಿಗೆ, ಯಾರಾದರೂ ಐದು ನಿಮಿಷ ಸುಮ್ಮನಿದ್ದರೆ ಗಂಟೆ ಬಾರಿಸು ಅಂತ ಕಲಿಸಿದ್ದು, ಎಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ಆಕೆಯ ಹಾಳೆ ಎದುರಿಗಿದ್ದರೂ ಬೆರಳು ಕೀಬೋರ್ಡಿನ ಮೇಲೆ ಇಳಿಯುತ್ತಿರಲಿಲ್ಲ. ಅತ್ತೆ ಹೊಸ್ತಿಲ ಹೊರಗೇ ನಿಂತಿದ್ದಳು. ನಾನು ಚಿಕ್ಕಂದಿನಲ್ಲಿ ಫೋನಿನಲ್ಲಿ ಕೇಳುತ್ತಿದ್ದ, ಎಷ್ಟೋ ವರ್ಷದಿಂದ ಕೇಳದಿದ್ದ ಆ ದನಿಯಲ್ಲಿ ಹೇಳಿದಳು:

"ಮಾತಾಡವ್ವ, ಲೈನ್ ಐತಿ."

ನನ್ನ ಕಂಕುಳಲ್ಲಿದ್ದ ಕೂಸು ಪರದೆಯ ಕಡೆ ಕೈ ಚಾಚಿತು. ಏಳನೇ ಬಿಲ್ಲೆ ಬಿತ್ತು.